ನೀರುಗಂಟಿಯ ಸೊಸೆ

ಎತ್ತಿನ ಕೊರಳಿನ ಹಿತ್ತಾಳೆ ಗಂಟೆ,
ನಾಲಗೆ ಕಿತ್ತದ್ದು, ಹಗ್ಗದ ತುದಿಗೆ.
ಕೊಳವೆಬಾವಿಯ ಬಾಯಲ್ಲಿ ಇಳಿಬಿಟ್ಟರೆ
ಕತ್ತಲನ್ನು ತಡವುತ್ತ ತಡವುತ್ತ ಹೋಗುತ್ತದೆ.
ನೀರು ತಾಗಿದೊಡನೆ ಗುಳುಕ್.
ಅಲ್ಲಿಗೆ ಹಗ್ಗ ಹಿಡಿದು ಗಂಟೆಣಿಸಬೇಕು.
ಹುಣ್ಣಿಮೆಯ ಮರುದಿನ, ಅಮಾಸೆಯ ಮರುದಿನ,
ಮೋಟರು ನಿಂತು ಅರ್ಧ ದಿನ ಕಳೆದ ಮೇಲೆ.
ಇದು ನನ್ನ ಕೆಲಸ.

ನನ್ನ ಮಾವ ಈರಮುದ್ದಪ್ಪ ಈ ಕೆರೆಯ ನೀರುಗಂಟಿ.
ತೂಬಿನ ಕಲ್ಲಿನ ಮೇಲೆ ನಿಂತು
ತನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆದು
ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುತ್ತಿದ್ದ.
ಕೊನೆಯ ಗದ್ದೆಗೆ ಮೊದಲ ನೀರು,
ಅವನಿಗಿದ್ದದ್ದು ಅದೊಂದೇ ಕಾನೂನು.
ನಾನು ಸೊಸೆಯಾಗಿ ಬಂದ ವರ್ಷ
ತೂಬಿನ ಮೇಲಿನ ಕಣ್ಣೂ ಮುಳುಗಿತ್ತು.
ಈಗ ಕೆಳಗಿನ ಕಣ್ಣಿನಲ್ಲೂ ಕಣಜದ ಗೂಡು,
ಕೆರೆಯಂಗಳದ ಜಾಲಿಗೆ ಯಾರೋ ಒಣಹಾಕಿದ ಸೀರೆ.
ಹಾಸಿಗೆ ಹಿಡಿದ ಮೇಲೆ ಅವನು ಹೇಳಿದ್ದು:
"ನೀರು ಹೋಗಿಲ್ಲ ಕಣವ್ವ, ಕೆಳಗೆ ಕೂತದೆ.
ಕೂತವರನ್ನ ಎಬ್ಬಿಸೋವಾಗ ಮರ್ಯಾದೆ ಬೇಕು."

ಡೈರಿಯ ಗೋಡೆಗೆ ಸುಣ್ಣ ಬಳಿದು ಬರೆಯುತ್ತೇನೆ.
ಮಡಕಶಿರದಿಂದ ಬರುವ ಕಾಗದ ತೆಲುಗು,
ಗೋಡೆ ಮಾತ್ರ ಕನ್ನಡ.
ಓದು ಬಾರದವರಿಗೆ ಪಕ್ಕದಲ್ಲೇ ಕೆಮ್ಮಣ್ಣಿನ ಗೆರೆ,
ಗೆರೆ ಬೆಳೆದಷ್ಟೂ ನೀರು ದೂರ.
ಜುಂಜಣ್ಣನದು ನೂರಾ ಎಂಬತ್ತೇಳು ಅಡಿ.
ಓಬಳಕ್ಕನದು ಇನ್ನೂರಾ ಹನ್ನೆರಡು.
ಇಸ್ಕೂಲಿನ ಮುಂದೆ ಬರೀ ಒಂದು ಕಾಟು.

ಆ ಗೋಡೆಯ ಕೆಳಗೇ ಕೂತು
ಕಡಲೆಕಾಯಿ ಸುಲಿಯುತ್ತ ಮಾತಾಡಿಕೊಂಡೆವು:
ಭತ್ತ ಬೇಡ. ಹೊಸ ಬೋರು ಬೇಡ.
ಇರುವ ಒಂಬತ್ತಕ್ಕೂ ಒಂದೇ ಪೈಪು,
ಬೋರಿಲ್ಲದ ಮನೆಗೂ ಒಂದೆಕರೆಯಷ್ಟು ನೀರು.
ಹೊನ್ನೂರಸಾಬಿ ಮಾತ್ರ ಕೇಳಿದ:
"ಗುಡ್ಡದಾಚೆ ಕರ್ನಾಟಕದವರು ಕೊರೀತಾನೇ ಅವರೆ.
ನಾವು ಉಳಿಸಿದ್ದು ಅವರ ಮೋಟರಿಗೆ ಹೋದರೆ?"
ಉತ್ತರ ಯಾರ ಹತ್ತಿರವೂ ಇರಲಿಲ್ಲ,
ಇವತ್ತಿಗೂ ಇಲ್ಲ.
ಸಿಪ್ಪೆಯನ್ನು ಮೇಕೆಗೆ ಸುರಿದು ಎದ್ದೆವು.

ಮಾಘದ ಒಂದು ರಾತ್ರಿ ಲಾರಿ ಬಂತು.
ನೆಲ ಗುರುಗುಟ್ಟಿತು, ಪಾತ್ರೆ ಅದುರಿದವು.
ಬೆಳಗ್ಗೆ ನೋಡಿದರೆ ನಮ್ಮದೇ ಹೊಲದ ಮೂಲೆಯಲ್ಲಿ
ತೊಗರಿಯ ಎಲೆಯೆಲ್ಲ ಬಿಳಿ, ಕಲ್ಲಿನ ಹಿಟ್ಟು.
ಮೈದುನ ನಾಗಲಿಂಗ ಬೇವಿನ ಕಡ್ಡಿ ಕಚ್ಚಿಕೊಂಡು
ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ನೋಡಿದ.
ನೀರು ಬಿದ್ದಿತ್ತು. ಚೆನ್ನಾಗಿಯೇ ಬಿದ್ದಿತ್ತು.

ಅಮಾಸೆಯ ಮರುದಿನ ಓಬಳಕ್ಕನ ಬಾವಿ.
ಹಗ್ಗ ಮುಗಿಯಿತು,
ಗಂಟೆ ಏನೂ ಹೇಳಲಿಲ್ಲ.
ಅವಳೂ ಏನೂ ಹೇಳಲಿಲ್ಲ,
ಸೆರಗಿನಿಂದ ಕೈಯ ಕೆಸರಷ್ಟೇ ಒರೆಸಿದಳು, ನನ್ನ ಕೈಯದು.

ಒಂಬತ್ತೇ ಸಾಲಿದ್ದ ಗೋಡೆಯಲ್ಲಿ
ಹತ್ತನೆಯದು ಬರೆದೆ.
ಕೈ ನಡುಗಲಿಲ್ಲ ಅಂದರೆ ಸುಳ್ಳು,
ನಾಗಲಿಂಗನ ಸೊನ್ನೆ ಸೊಟ್ಟಗಾಯಿತು.
ಓರಗಿತ್ತಿ ಅಂದು ತಟ್ಟೆಗೆ ಮುದ್ದೆ ಇಡಲಿಲ್ಲ,
ಬಿಟ್ಟಳು.
ಗಂಡ ಹೊರಗಿನ ಕಲ್ಲಿನ ಮೇಲೆ ಮಲಗಿ
ಹದಿನೆಂಟು ದಿನ ಚುಕ್ಕಿ ಎಣಿಸಿದ.
ಊರು ಯಾರನ್ನೂ ಬೈಯಲಿಲ್ಲ.
ಹಾಲು ಹಾಕಲು ಬಂದವರು
ಗೋಡೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು, ಅಷ್ಟೇ.
ನಾಗಲಿಂಗನೂ ಹಾಲು ಹಾಕಲೇಬೇಕಲ್ಲ.

ಹತ್ತೊಂಬತ್ತನೇ ದಿನ ಅವನು ಪಾನಾ ಹಿಡಿದು ಬಂದು
ಎರಡು ಪೈಪು ಜೋಡಿಸಿದ, ಊರ ಪೈಪಿಗೆ ತನ್ನದನ್ನು.
ಪೂರ್ತಿ ಅಲ್ಲ.
ದಿನ ಬಿಟ್ಟು ದಿನ.
ಅದನ್ನೂ ಹಾಗೆಯೇ ಬರೆದೆ.

ಮೊನ್ನೆ ಎರಡು ಹದ ಮಳೆಯಾಯಿತು.
ಕೆರೆಯಲ್ಲಿ ಎಮ್ಮೆಯ ಮೊಣಕಾಲಿನಷ್ಟು ಕೆಂಪು ನೀರು.
ಹಗ್ಗಕ್ಕೆ ಇನ್ನೂ ನಲವತ್ತಡಿ ಸೇರಿಸಿದ್ದೇನೆ.
ಅಳತೆ ಈಗ ಓಬಳಕ್ಕನಿಂದ ಶುರು,
ಕೊನೆಯ ಬಾವಿ ಮೊದಲು.
ಕೊಳವೆಗೆ ಕಿವಿ ಹಚ್ಚಿ ಕೂತಿದ್ದೇನೆ.
ಹಿಂದೆ ಯಾರೋ ಕೆಮ್ಮಿದರು.
ಶ್, ಅಂದೆ.
ಹಗ್ಗ ಇನ್ನೂ ಇಳಿಯುತ್ತಿದೆ.